ಮುಂದೆ ತೋಪು, ಹಿಂದೆ ವಿಮಾನ: ಇಸೆ, ಹ್ಯೂಗಾ ಮತ್ತು ಜಪಾನಿನ ಹೆಸರಿನ ಜಗಳ

2025ರ ಆಗಸ್ಟ್‌ನಲ್ಲಿ ಜಪಾನಿನ ದಕ್ಷಿಣದ ಮಿಯಾಝಾಕಿ ಪ್ರಾಂತ್ಯದ ನ್ಯುತಾಬಾರು ವಾಯುನೆಲೆಗೆ ಮೊದಲ ಎಫ್-35ಬಿ ಯುದ್ಧವಿಮಾನಗಳು ಬಂದಿಳಿದವು. ಗಾಳಿಯಲ್ಲೇ ನಿಂತು ಲಿಫ್ಟಿನ ಹಾಗೆ ನೆಟ್ಟಗೆ ಕೆಳಗಿಳಿಯುವ ವಿಮಾನ ಇದು. ಜಪಾನ್ ಒಟ್ಟು 42 ಕೊಳ್ಳುತ್ತಿದೆ. ಮುಂದೆ ಇವು ಇಝುಮೊ, ಕಾಗಾ ಎಂಬ ಎರಡು ಹಡಗುಗಳ ಮೇಲಿಂದಲೂ ಹಾರಬೇಕು.

ಆ ಹಡಗುಗಳ ಫೋಟೋ ಒಮ್ಮೆ ನೋಡಿ. 248 ಮೀಟರ್ ಉದ್ದ. ಮೂತಿಯಿಂದ ಬಾಲದ ತನಕ ಸಪಾಟಾದ ಡೆಕ್ಕು. ಒಂದು ಪಕ್ಕಕ್ಕೆ ಒತ್ತರಿಸಿಕೊಂಡ ಕಟ್ಟಡ. ಯಾರನ್ನು ಕೇಳಿದರೂ ವಿಮಾನವಾಹಕ ನೌಕೆ ಅಂತಲೇ ಹೇಳುತ್ತಾರೆ. ಜಪಾನ್ ಮಾತ್ರ ಇವನ್ನು ಕಟ್ಟಿದಾಗಿನಿಂದ ಕರೆದದ್ದು ‘ಗೊಎಇಕಾನ್’ ಎಂದು. ಅಂದರೆ ಬೆಂಗಾವಲು ಹಡಗು. ಯುದ್ಧವನ್ನೇ ತ್ಯಜಿಸುತ್ತೇವೆ ಎನ್ನುವ ಸಂವಿಧಾನದ 9ನೇ ವಿಧಿ ಇರುವ ದೇಶ ಅದು. ದಾಳಿಗೆ ಬಳಸುವ ವಿಮಾನವಾಹಕ ಇಟ್ಟುಕೊಳ್ಳುವುದು ಆತ್ಮರಕ್ಷಣೆಯ ಮಿತಿಯನ್ನು ದಾಟುತ್ತದೆ ಎಂದು ಸರ್ಕಾರವೇ ಹಿಂದಿನಿಂದ ಹೇಳಿಕೊಂಡು ಬಂದಿದೆ. 2018ರ ಡಿಸೆಂಬರ್‌ನಲ್ಲಿ ಈ ಎರಡು ಹಡಗುಗಳನ್ನು ಮಾರ್ಪಡಿಸಲು ಸಂಪುಟ ಒಪ್ಪಿದಾಗ ಕೊಟ್ಟ ಸಮಜಾಯಿಷಿಯೂ ಸ್ವಾರಸ್ಯವಾಗಿದೆ: ವಿಮಾನಗಳು ಯಾವಾಗಲೂ ಹಡಗಿನ ಮೇಲೆ ಇರುವುದಿಲ್ಲ, ಬೇಕಾದಾಗ ಮಾತ್ರ ಬರುತ್ತವೆ, ಹಾಗಾಗಿ ಇದು ಅಂಥ ವಿಮಾನವಾಹಕ ಅಲ್ಲ.

ಅಲ್ಲಿಂದ ಶುರುವಾದ ‘ಹೌದು–ಅಲ್ಲ’ ಜಗಳ ಇನ್ನೂ ಮುಗಿದಿಲ್ಲ. ನನಗೇನೋ ಇದು ತಪ್ಪು ಜಾಗದಲ್ಲಿ ನಡೆಯುತ್ತಿರುವ ಜಗಳ ಅನ್ನಿಸುತ್ತದೆ. ಡೆಕ್ಕು ಇದ್ದು ವಿಮಾನ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಜಪಾನ್ ಒಮ್ಮೆ ಸಮುದ್ರದ ಮೇಲೆ ನೋಡಿಬಿಟ್ಟಿದೆ. ನೋಡಿದ್ದು ಇಸೆ ವರ್ಗದ ಎರಡು ಹಡಗುಗಳಲ್ಲಿ.

ಒಂದೇ ನಕ್ಷೆಯ ಮೇಲೆ ಕಟ್ಟಿದ ಹಡಗುಗಳನ್ನು ಒಂದು ‘ವರ್ಗ’ ಅನ್ನುತ್ತಾರೆ, ಮೊದಲ ಹಡಗಿನ ಹೆಸರೇ ವರ್ಗದ ಹೆಸರು. ಇಸೆ ವರ್ಗದಲ್ಲಿ ಇದ್ದದ್ದು ಎರಡೇ, ಇಸೆ ಮತ್ತು ಹ್ಯೂಗಾ. ಜಪಾನ್ ತನ್ನ ಯುದ್ಧನೌಕೆಗಳಿಗೆ, ಅಂದರೆ ದೊಡ್ಡ ತೋಪು ಹೊತ್ತ ಭಾರಿ ಬ್ಯಾಟಲ್‌ಶಿಪ್‌ಗಳಿಗೆ, ಹಳೆಯ ಸೀಮೆಗಳ ಹೆಸರಿಡುತ್ತಿತ್ತು. ಇಸೆ ಅಂದರೆ ಅವರ ಅತಿ ಪವಿತ್ರ ಶಿಂಟೊ ದೇಗುಲ ಇರುವ ಸೀಮೆ. ಹ್ಯೂಗಾ ಅಂದರೆ ಇವತ್ತಿನ ಮಿಯಾಝಾಕಿ. ಹೌದು, ಮೊದಲ ಎಫ್-35ಬಿಗಳು ಇಳಿದ ಅದೇ ನೆಲ.

ಅಸಲಿಗೆ ಇವು ಬೇರೆ ವರ್ಗವಾಗಿ ಹುಟ್ಟಬೇಕಾದವೇ ಅಲ್ಲ. ಇವಕ್ಕೂ ಮೊದಲಿನ ಫುಸೊ ವರ್ಗದ ಮೂರನೆಯ, ನಾಲ್ಕನೆಯ ಹಡಗುಗಳಾಗಬೇಕಿತ್ತು. ದುಡ್ಡು ಬರುವುದು ತಡವಾಯಿತು. ಜಪಾನಿನ ನೌಕಾಪಡೆಗೆ ಆ ಕಾಲದಲ್ಲಿ ಆಸೆ ದೊಡ್ಡದು, ಗಂಟು ಸಣ್ಣದು. 1905ರಲ್ಲಿ ಸತ್ಸುಮಾ ಎಂಬ ಯುದ್ಧನೌಕೆಗೆ ಒಂದೇ ಅಳತೆಯ ಹನ್ನೆರಡು ದೊಡ್ಡ ತೋಪು ಹಾಕಲು ಹೊರಟು, ರಷ್ಯಾ ಜೊತೆಗಿನ ಯುದ್ಧದಲ್ಲಿ ಕೈ ಖಾಲಿಯಾಗಿ, ನಾಲ್ಕಕ್ಕೆ ತೃಪ್ತಿಪಟ್ಟು ಉಳಿದ ಕಡೆ ಸಣ್ಣವನ್ನು ಕೂರಿಸಿದರು. ಹಾಗಾಗಿ ‘ಎಲ್ಲ ದೊಡ್ಡ ತೋಪಿನ ಮೊದಲ ಹಡಗು’ ಎಂಬ ಹೆಸರು ಬ್ರಿಟನ್ನಿನ ಡ್ರೆಡ್‌ನಾಟ್‌ಗೆ ಹೋಯಿತು. 1914ರಲ್ಲಂತೂ ಕೊಂಗೊ ಎಂಬ ಹಡಗನ್ನು ಬ್ರಿಟನ್ನಿನ ವಿಕರ್ಸ್ ಕಂಪನಿಯಿಂದ ಕೊಂಡದ್ದರಲ್ಲಿ ಲಂಚ ನಡೆದಿದೆ ಎಂದು ಗೊತ್ತಾಗಿ, ಅಡ್ಮಿರಲ್ ಯಮಾಮೊಟೊ ಗೊನ್ನೊಹ್ಯೊಯೆಯ ಸರ್ಕಾರವೇ ಉರುಳಿತು. ನಮಗೆ ಬೋಫೋರ್ಸ್ ಹೇಗೋ ಅವರಿಗೆ ಇದು ಹಾಗೆ.

ತಡವಾದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಫುಸೊದ ತಪ್ಪುಗಳು ಅಷ್ಟರಲ್ಲಿ ಗೊತ್ತಾಗಿದ್ದವು. ಅದರಲ್ಲಿ ಎರಡೆರಡು ತೋಪಿನ ಆರು ಗೋಪುರಗಳು ಹಡಗಿನ ಉದ್ದಕ್ಕೂ ಚೆಲ್ಲಾಪಿಲ್ಲಿಯಾಗಿದ್ದವು. ಪ್ರತಿ ಗೋಪುರದ ಕೆಳಗೂ ಮದ್ದಿನ ಕೋಣೆ, ಅದಕ್ಕೆಲ್ಲ ಉಕ್ಕಿನ ಹೊದಿಕೆ ಬೇಕು. ಇಸೆಯಲ್ಲಿ ಗೋಪುರಗಳನ್ನು ಮೂರು ಜೋಡಿ ಮಾಡಿ, ಜೋಡಿಯಲ್ಲಿ ಒಂದು ಇನ್ನೊಂದರ ತಲೆಯ ಮೇಲಿಂದ ಗುಂಡು ಹಾರಿಸುವಂತೆ ಕೂರಿಸಿದರು. ಬಾಯ್ಲರುಗಳೂ ಒಂದೇ ಕಡೆ ಸೇರಿದವು. ಇಸೆಯನ್ನು ಕೋಬೆಯಲ್ಲಿ ಕವಾಸಾಕಿಯವರು, ಹ್ಯೂಗಾವನ್ನು ನಾಗಾಸಾಕಿಯಲ್ಲಿ ಮಿತ್ಸುಬಿಷಿಯವರು ಕಟ್ಟಿದರು. ಎರಡಕ್ಕೂ 1915ರ ಮೇ ತಿಂಗಳಲ್ಲಿ ಕೆಲಸ ಶುರುವಾಗಿ, ಇಸೆ 1917ರ ಡಿಸೆಂಬರ್‌ನಲ್ಲಿ, ಹ್ಯೂಗಾ 1918ರ ಏಪ್ರಿಲ್‌ನಲ್ಲಿ ಸೇವೆಗೆ ಬಂದವು. 36 ಸೆಂಟಿಮೀಟರ್ ಬಾಯಿಯ ಹನ್ನೆರಡು ತೋಪು, ಸುಮಾರು 30,000 ಟನ್ ತೂಕ, 23 ನಾಟ್ (ಗಂಟೆಗೆ ಸುಮಾರು 43 ಕಿಲೋಮೀಟರ್) ವೇಗ. ಆ ಕಾಲಕ್ಕೆ ಭರ್ಜರಿ ಹಡಗುಗಳು.

ಒಂದು ಸಣ್ಣ ವಿಷಯ ನನಗೆ ಯಾವಾಗಲೂ ಇಷ್ಟ. ಹಡಗಿನ ಪಕ್ಕದಲ್ಲಿ ಇರುವ ಚಿಕ್ಕ ತೋಪುಗಳಿಗೆ ಗುಂಡು ತುಂಬುವುದು ಕೈಯಿಂದಲೇ. ಹಿಂದಿನ ಹಡಗುಗಳಲ್ಲಿ ಬ್ರಿಟಿಷ್ ಅಳತೆಯ ಸುಮಾರು 15 ಸೆಂಟಿಮೀಟರಿನ ತೋಪು ಇತ್ತು. ಅದರ ಗುಂಡು 45 ಕಿಲೋ. ಹೆಚ್ಚುಕಮ್ಮಿ ಒಂದು ಮೂಟೆ ಸಿಮೆಂಟಿನ ಭಾರ. ಓಲಾಡುವ ಹಡಗಿನಲ್ಲಿ ಅದನ್ನು ಎತ್ತಿ ಎತ್ತಿ ಹಾಕುವುದು ಜಪಾನಿ ನಾವಿಕರ ಮೈಕಟ್ಟಿಗೆ ಜಾಸ್ತಿಯಾಗುತ್ತಿತ್ತು. ಇಸೆಯಲ್ಲಿ 14 ಸೆಂಟಿಮೀಟರಿನ ಹೊಸ ತೋಪು ಬಂತು, ಗುಂಡು 38 ಕಿಲೋಗೆ ಇಳಿಯಿತು. ಬ್ರಿಟನ್ನಿನಿಂದ ಕಲಿತ ಪಾಠವನ್ನು ತಮ್ಮ ಮೈಗೆ ತಕ್ಕ ಹಾಗೆ ಹೊಲಿಸಿಕೊಂಡ ಹಾಗೆ, ಅಲ್ವಾ?

ಇಷ್ಟೆಲ್ಲ ಮಾಡಿ ಈ ಹಡಗುಗಳು ಮಾಡಿದ ಯುದ್ಧ? ಏನೂ ಇಲ್ಲ. ಮೊದಲ ಮಹಾಯುದ್ಧ ಮುಗಿದೇ ಹೋಯಿತು. 1922ರ ವಾಷಿಂಗ್ಟನ್ ಒಪ್ಪಂದದಲ್ಲಿ ಅಮೆರಿಕ ಮತ್ತು ಬ್ರಿಟನ್ನಿಗೆ ತಲಾ ಐದು ಪಾಲು, ಜಪಾನಿಗೆ ಮೂರು ಪಾಲು ಎಂದು ನಿಗದಿಯಾಯಿತು. ಹೊಸ ಯುದ್ಧನೌಕೆ ಕಟ್ಟುವಂತಿಲ್ಲ, ಇದ್ದವನ್ನೇ ತೇಪೆ ಹಾಕಿ ಬಳಸಬೇಕು. 1923ರಲ್ಲಿ ಟೋಕಿಯೊ ಸುತ್ತಮುತ್ತ ಆದ ಕಾಂಟೊ ಭೂಕಂಪದಲ್ಲಿ ಸಂತ್ರಸ್ತರಿಗೆ ಸಾಮಾನು ಸಾಗಿಸಿದ್ದೇ ಆ ವರ್ಷಗಳಲ್ಲಿ ಇವು ಮಾಡಿದ ಹೇಳಿಕೊಳ್ಳುವಂಥ ಕೆಲಸ. 1930ರ ದಶಕದ ನಡುವೆ ಭಾರಿ ರಿಪೇರಿ ನಡೆಯಿತು. ಹಿಂಭಾಗ ಏಳೂವರೆ ಮೀಟರಿನಷ್ಟು ಉದ್ದವಾಯಿತು, 24 ಬಾಯ್ಲರಿನ ಜಾಗದಲ್ಲಿ ಎಂಟು ಹೊಸವು ಬಂದವು, ವೇಗ 25 ನಾಟ್ ದಾಟಿತು. ಅಷ್ಟಾದರೂ 1941ರಲ್ಲಿ ಅಮೆರಿಕದ ಜೊತೆ ಪೆಸಿಫಿಕ್ ಯುದ್ಧ ಶುರುವಾಗುವಾಗ ಇವು ಮುದಿ ಹಡಗುಗಳೇ.

ಕಥೆ ತಿರುಗುವುದು 1942ರಲ್ಲಿ. ಮೇ 5ರಂದು ತೋಪಿನ ಅಭ್ಯಾಸ ನಡೆಯುತ್ತಿರುವಾಗ ಹ್ಯೂಗಾದ ಐದನೆಯ ಗೋಪುರ ಸಿಡಿಯಿತು. 51 ಮಂದಿ ಸತ್ತರು. ಬೆಂಕಿ ಮದ್ದಿನ ಕೋಣೆಗೆ ತಲುಪಿದರೆ ಹಡಗೇ ಇರುವುದಿಲ್ಲ ಎಂದು ಹಿಂಭಾಗದ ಮದ್ದಿನ ಕೋಣೆಗಳಿಗೆ ನೀರು ಬಿಟ್ಟು ಉಳಿಸಿಕೊಂಡರು. ಗೋಪುರ ಮತ್ತೆ ಕೆಲಸಕ್ಕೆ ಬರುವಂತಿರಲಿಲ್ಲ. ಅದನ್ನು ತೆಗೆದು, ಆ ಗುಂಡಿಯ ಮೇಲೆ ಉಕ್ಕಿನ ಹಲಗೆ ಮುಚ್ಚಿ, ವಿಮಾನ ಹೊಡೆಯುವ ಸಣ್ಣ ತೋಪುಗಳನ್ನು ಕೂರಿಸಿದರು.

ಒಂದು ತಿಂಗಳು ಕಳೆಯಿತು. ಅಮೆರಿಕದ ಜೊತೆಗಿನ ಮಿಡ್‌ವೇ ಕದನದಲ್ಲಿ ಜಪಾನಿನ ಅಕಾಗಿ, ಕಾಗಾ, ಸೋರ್ಯು, ಹಿರ್ಯು ನಾಲ್ಕೂ ವಿಮಾನವಾಹಕಗಳು ಮುಳುಗಿದವು. ಇಲ್ಲಿ ಕಾಗಾ ಹೆಸರನ್ನು ಗಮನಿಸಿ. ಅದು ಯುದ್ಧನೌಕೆಯಾಗಿ ಹುಟ್ಟಿ, ವಾಷಿಂಗ್ಟನ್ ಒಪ್ಪಂದದಿಂದಾಗಿ ಅರ್ಧಕ್ಕೆ ನಿಂತು, ಆಮೇಲೆ ವಿಮಾನವಾಹಕವಾದ ಹಡಗು. ಅಂದರೆ ಒಂದನ್ನು ಇನ್ನೊಂದಾಗಿ ಬದಲಾಯಿಸುವ ಕೆಲಸ ಜಪಾನಿಗೆ ಹೊಸದೇನೂ ಆಗಿರಲಿಲ್ಲ.

ಈಗ ತುರ್ತಾಗಿ ವಿಮಾನವಾಹಕ ಬೇಕು. ಇಸೆ, ಹ್ಯೂಗಾಗಳನ್ನು ಪೂರ್ತಿ ಬದಲಾಯಿಸೋಣವೆಂದರೆ ಸಮಯವೂ ಇಲ್ಲ, ಸಾಮಾನೂ ಇಲ್ಲ. ಹ್ಯೂಗಾದ ಹಿಂಭಾಗದಲ್ಲಿ ಹೇಗೂ ಒಂದು ಗೋಪುರ ಹೋಗಿದೆ. ಹಾಗಾಗಿ ಅರ್ಧ ಮಾತ್ರ ಮಾಡೋಣ ಎಂದಾಯಿತು. 1943ರಲ್ಲಿ ಇಸೆ ಕುರೆಯ ಹಡಗುಕಟ್ಟೆಗೂ ಹ್ಯೂಗಾ ಸಸೆಬೊದ ಹಡಗುಕಟ್ಟೆಗೂ ಹೋದವು. ಎರಡರಲ್ಲೂ ಹಿಂದಿನ ಎರಡು ಗೋಪುರಗಳ ಜಾಗದಲ್ಲಿ ವಿಮಾನದ ಮನೆ, ಅದರ ಮೇಲೆ ಸುಮಾರು 70 ಮೀಟರ್ ಉದ್ದದ ಡೆಕ್ಕು ಬಂತು. ಮುಂದಿನ ಎಂಟು ತೋಪು ಹಾಗೇ ಉಳಿದವು. ಊರಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಮಾಡಿಕೊಂಡಿರುತ್ತಾರಲ್ಲ, ಹಾಗೆ.

ಡೆಕ್ಕು ಅಂದೆನಲ್ಲ, ಅದರ ಮೇಲೆ ವಿಮಾನ ಓಡಿ ಏರುವಂತಿರಲಿಲ್ಲ. ಎದುರಿಗೇ ಹಡಗಿನ ದೊಡ್ಡ ಕಟ್ಟಡ ಅಡ್ಡ. ಆದ್ದರಿಂದ ವಿಮಾನಗಳನ್ನು ಹಳಿಗಳ ಮೇಲೆ ತಳ್ಳಿಕೊಂಡು ಹೋಗಿ, ಎರಡೂ ಪಕ್ಕದಲ್ಲಿದ್ದ ಕ್ಯಾಟಪಲ್ಟ್‌ಗಳಿಗೆ ಏರಿಸಿ, ಕವಣೆ ಕಲ್ಲಿನ ಹಾಗೆ ಚಿಮ್ಮಿಸಬೇಕಿತ್ತು. ಭಾರದ ಗೋಪುರಗಳು ಹೋಗಿ ಹಡಗಿನ ಸಮತೋಲ ಬದಲಾಗಿದ್ದರಿಂದ, ಅದನ್ನು ಸರಿಮಾಡಲು ಡೆಕ್ಕಿನ ಮೇಲೆ 20 ಸೆಂಟಿಮೀಟರ್ ದಪ್ಪಕ್ಕೆ ಕಾಂಕ್ರೀಟ್ ಸುರಿದರು. ತಾರಸಿ ಹಾಕಿದ ಹಾಗೆ! ಒಂದು ಹಡಗಿಗೆ 22 ವಿಮಾನ ಎಂಬ ಲೆಕ್ಕ. ಒಂಬತ್ತು ಕೆಳಗಿನ ಮನೆಯಲ್ಲಿ, ಹನ್ನೊಂದು ಡೆಕ್ಕಿನ ಮೇಲೆ, ಎರಡು ಕ್ಯಾಟಪಲ್ಟ್ ಮೇಲೆ ತಯಾರಾಗಿ.

ಎರಡು ಬಗೆಯ ವಿಮಾನಗಳನ್ನು ಆರಿಸಿದ್ದರು. ಝುಯಿಉನ್ ಎಂಬುದು ನೀರ ಮೇಲೆ ಇಳಿಯುವಂಥದ್ದು. ಹಾರಿ ಬಂದು ಹಡಗಿನ ಪಕ್ಕ ಇಳಿದರೆ ಕ್ರೇನಿನಿಂದ ಎತ್ತಿಕೊಳ್ಳಬಹುದು. ಇನ್ನೊಂದು ಸುಯಿಸೆಯಿ, ಚಕ್ರದ ಬಾಂಬರ್. ಅದು ಇಸೆಯಿಂದ ಹಾರಬಹುದು, ಇಸೆಗೆ ಮರಳಿ ಬರುವಂತಿಲ್ಲ. ಬೇರೆ ವಿಮಾನವಾಹಕಕ್ಕೋ ನೆಲದ ಮೇಲಿನ ನೆಲೆಗೋ ಹೋಗಬೇಕು. ಕೇಳಿದರೆ ನಗು ಬರುತ್ತದೆ. ಆದರೆ ಯೋಜನೆ ಮಾಡಿದವರು ದಡ್ಡರಲ್ಲ. ಯುದ್ಧದ ಮೊದಲ ಏಟಿಗೆ ನಲವತ್ತು ಚಿಲ್ಲರೆ ವಿಮಾನ ಹೆಚ್ಚಿಗೆ ಸಿಕ್ಕರೆ ಸಾಕು, ಉಳಿದದ್ದು ಆಮೇಲೆ ನೋಡೋಣ ಎಂಬುದು ಅವರ ಲೆಕ್ಕ.

ಲೆಕ್ಕ ತಪ್ಪಿದ್ದು ಉಕ್ಕಿನಲ್ಲಿ ಅಲ್ಲ, ಜನರಲ್ಲಿ. ಹಡಗುಗಳು 1943ರ ಕೊನೆಗೆ ತಯಾರಾದವು. ಅವಕ್ಕೆಂದು 634ನೇ ವಾಯುದಳ ಹುಟ್ಟಿದ್ದು 1944ರ ಮೇ 1ಕ್ಕೆ. ವಿಮಾನ ನಿಧಾನಕ್ಕೆ ಬಂದವು, ಪೈಲಟ್‌ಗಳು ಇನ್ನೂ ನಿಧಾನಕ್ಕೆ. ಅಷ್ಟರಲ್ಲಿ ಹಡಗುಗಳು ಸುಮ್ನೆ ನಿಂತಿರಬಾರದೆಂದು ಸೈನಿಕರನ್ನೂ ಸಾಮಾನನ್ನೂ ಸಾಗಿಸಿದವು. ಅಕ್ಟೋಬರ್‌ನಲ್ಲಿ ಅಮೆರಿಕನ್ನರು ಫಾರ್ಮೋಸಾ, ಅಂದರೆ ಇವತ್ತಿನ ತೈವಾನಿನ ಮೇಲೆ ದಾಳಿ ಮಾಡಿದಾಗ, ಕಷ್ಟಪಟ್ಟು ತರಬೇತಾದ ಆ ವಾಯುದಳವನ್ನು ನೆಲದ ನೆಲೆಗಳಿಗೆ ಕಳಿಸಿಬಿಟ್ಟರು.

ಹೀಗೆ 1944ರ ಅಕ್ಟೋಬರ್ 25ರಂದು, ಫಿಲಿಪ್ಪೀನ್ಸಿನ ಉತ್ತರಕ್ಕೆ, ಕೇಪ್ ಎಂಗಾನ್ಯೊ ಬಳಿ ಇಸೆ ಮತ್ತು ಹ್ಯೂಗಾ ತಮ್ಮ ಜೀವಮಾನದ ದೊಡ್ಡ ಕದನಕ್ಕೆ ಹೋದಾಗ ಅವುಗಳ ಡೆಕ್ಕು ಖಾಲಿ. ಒಂದು ವಿಮಾನವೂ ಇಲ್ಲ. ಅಡ್ಮಿರಲ್ ಒಝಾವಾನ ಪಡೆಗೆ ಅಂದು ಇದ್ದ ಕೆಲಸವೇ ಗಾಳಕ್ಕೆ ಸಿಕ್ಕಿಸಿದ ಹುಳದ್ದು. ಅಮೆರಿಕದ ಅಡ್ಮಿರಲ್ ಹಾಲ್ಸಿಯನ್ನು ಉತ್ತರಕ್ಕೆ ಎಳೆಯಬೇಕು, ಆ ಹೊತ್ತಿಗೆ ಜಪಾನಿನ ಇನ್ನೊಬ್ಬ ಅಡ್ಮಿರಲ್ ಕುರಿತಾನ ಯುದ್ಧನೌಕೆಗಳು ಫಿಲಿಪ್ಪೀನ್ಸಿನ ಲೆಯ್ಟೆ ದ್ವೀಪದಲ್ಲಿ ಇಳಿಯುತ್ತಿದ್ದ ಅಮೆರಿಕನ್ನರ ಮೇಲೆ ಬೀಳಬೇಕು. ಹಾಲ್ಸಿ ಬಂದ. ಒಝಾವಾನ ನಾಲ್ಕು ವಿಮಾನವಾಹಕಗಳೂ ಮುಳುಗಿದವು. ಕುರಿತಾ ಮಾತ್ರ ಗುರಿ ಹತ್ತಿರವಾದಾಗ ಹಡಗು ತಿರುಗಿಸಿಕೊಂಡು ವಾಪಸು ಹೋದ.

ಮುಂದೆ ತೋಪು, ಹಿಂದೆ ಡೆಕ್ಕು ಇದ್ದ ಈ ಎರಡು ವಿಚಿತ್ರ ಹಡಗುಗಳು ಬದುಕಿ ಬಂದವು. ಇವುಗಳ ಮುಖ್ಯಸ್ಥ ಅಡ್ಮಿರಲ್ ಮತ್ಸುದಾ ಚಿಯಾಕಿ, ಮೇಲಿಂದ ಬೀಳುವ ಬಾಂಬಿನಿಂದ ತಪ್ಪಿಸಿಕೊಳ್ಳುವುದನ್ನು ಮೊದಲೇ ಅಭ್ಯಾಸ ಮಾಡಿಸಿದ್ದ. ವಿಮಾನಕ್ಕೆಂದು ಮಾಡಿದ ಹಿಂಭಾಗದಲ್ಲಿ ಕೊನೆಗೆ ಉಪಯೋಗಕ್ಕೆ ಬಂದದ್ದು ಅಲ್ಲಿ ಕೂರಿಸಿದ್ದ ವಿಮಾನ ಹೊಡೆಯುವ ತೋಪುಗಳು ಮತ್ತು ರಾಕೆಟ್‌ಗಳು. ಮುಂದಿನ ತಿಂಗಳು ಕ್ಯಾಟಪಲ್ಟ್‌ಗಳನ್ನೇ ಕಿತ್ತುಹಾಕಿದರು. ವಿಮಾನವಾಹಕ ಎಂಬ ಕನಸು ಅಲ್ಲಿಗೆ ಮುಗಿಯಿತು. ಈ ಎರಡು ಹಡಗಿನಿಂದ ಶತ್ರುವಿನ ಮೇಲೆ ಒಂದೇ ಒಂದು ವಿಮಾನವೂ ಏರಿ ಹೋಗಲಿಲ್ಲ.

ಆದರೆ ಅವುಗಳ ನಿಜವಾದ ಗೆಲುವು ಇನ್ನೂ ಬಾಕಿ ಇತ್ತು. 1945ರ ಫೆಬ್ರವರಿಯ ಹೊತ್ತಿಗೆ ಜಪಾನಿಗೆ ಎಣ್ಣೆ ಬರುವ ದಾರಿ ಹೆಚ್ಚುಕಮ್ಮಿ ಮುಚ್ಚಿತ್ತು. ಟ್ಯಾಂಕರ್‌ಗಳನ್ನು ಸಬ್‌ಮರೀನ್‌ಗಳು ಒಂದೊಂದಾಗಿ ಮುಳುಗಿಸುತ್ತಿದ್ದವು. ಇಸೆ ಮತ್ತು ಹ್ಯೂಗಾ ಸಿಂಗಾಪುರದಲ್ಲಿದ್ದವು. ಅಲ್ಲಿ ವಿಮಾನದ ಮನೆಗೆ, ಡೆಕ್ಕಿನ ಮೇಲೆ, ಸಂದುಗೊಂದಿಗೆ ಪೆಟ್ರೋಲ್ ಪೀಪಾಯಿಗಳನ್ನು ಜೋಡಿಸಿದರು. ಸಾವಿರಗಟ್ಟಲೆ ಪೀಪಾಯಿ. ಜೊತೆಗೆ ರಬ್ಬರು, ತವರ. ಯುದ್ಧನೌಕೆಗೆ ಇದಕ್ಕಿಂತ ಅಪಾಯದ ಸರಕು ಇರಲಿಕ್ಕಿಲ್ಲ, ಒಂದು ಟಾರ್ಪಿಡೊ ತಗುಲಿದರೆ ಸಾಕು. ಓಯೊಡೊ ಎಂಬ ಕ್ರೂಸರ್ (ಯುದ್ಧನೌಕೆಗಿಂತ ಚಿಕ್ಕ ಹಡಗು) ಮತ್ತು ಅದಕ್ಕೂ ಚಿಕ್ಕ ಮೂರು ಡೆಸ್ಟ್ರಾಯರ್ ಜೊತೆ ಫೆಬ್ರವರಿ 10ರಂದು ಹೊರಟರು. ಅಮೆರಿಕನ್ನರು ಗುಪ್ತ ಸಂದೇಶ ಒಡೆದು ಇದನ್ನು ತಿಳಿದುಕೊಂಡಿದ್ದರು, ದಾರಿಯಲ್ಲಿ 26 ಸಬ್‌ಮರೀನ್ ಕಾಯುತ್ತಿದ್ದವು. ಮೋಡ, ಮಳೆ, ಅದೃಷ್ಟ ಎಲ್ಲ ಸೇರಿ ಕಾಪಾಡಿದವು. ಫೆಬ್ರವರಿ 20ಕ್ಕೆ ಆರೂ ಹಡಗು ಕುರೆ ಬಂದರು ಸೇರಿದವು. ವಿಮಾನಕ್ಕೆಂದು ಕಟ್ಟಿದ ಮನೆ ಗೋದಾಮಾಗಿ ಸಾರ್ಥಕವಾಯಿತು ಅನ್ನಬೇಕು.

ಆಮೇಲೆ ಓಡಾಡಲು ಎಣ್ಣೆಯೇ ಇರಲಿಲ್ಲ. ಕುರೆಯ ಸುತ್ತ ಲಂಗರು ಹಾಕಿ, ತೇಲುವ ವಿಮಾನ-ವಿರೋಧಿ ತೋಪುಗಳಾಗಿ ನಿಂತವು. 1945ರ ಜುಲೈ 24 ಮತ್ತು 28ರ ಅಮೆರಿಕದ ವಿಮಾನದಾಳಿಗಳಲ್ಲಿ ಮೊದಲು ಹ್ಯೂಗಾ, ಆಮೇಲೆ ಇಸೆ, ಆಳವಿಲ್ಲದ ನೀರಿನಲ್ಲಿ ತಳಕ್ಕೆ ಕೂತವು. ಯುದ್ಧ ಮುಗಿದ ಮೇಲೆ ಅಲ್ಲೇ ಒಡೆದು ಗುಜರಿಗೆ ಹಾಕಿದರು.

ಈ ಕಥೆ ಇಟ್ಟುಕೊಂಡು ಇವತ್ತಿನ ಜಗಳಕ್ಕೆ ಬರೋಣ. ಹೆಸರಿನ ಆಟ ಜಪಾನ್ ಒಂದೇ ಆಡಿದ್ದಲ್ಲ. ನಮ್ಮ ಕಾರವಾರದ ಕದಂಬ ನೌಕಾನೆಲೆಯಲ್ಲಿ ಬೀಡುಬಿಟ್ಟಿರುವ ವಿಕ್ರಮಾದಿತ್ಯವನ್ನೇ ನೋಡಿ. 1987ರಲ್ಲಿ ಬಾಕು ಎಂಬ ಹೆಸರಿನಲ್ಲಿ ಸೋವಿಯತ್ ನೌಕಾಪಡೆ ಸೇರಿದಾಗ ಅದು ‘ವಿಮಾನ ಹೊರುವ ಕ್ರೂಸರ್’. ಮೂತಿಯಲ್ಲಿ ದೊಡ್ಡ ಕ್ಷಿಪಣಿಗಳ ಸಾಲು, ಹಿಂದೆ ಡೆಕ್ಕು. ಥೇಟ್ ಇಸೆ! ಹೆಸರಿಗೂ ಕಾರಣ ಇತ್ತು. ಕಪ್ಪು ಸಮುದ್ರದಿಂದ ಹೊರಬರಲು ಟರ್ಕಿಯ ಜಲಸಂಧಿ ದಾಟಬೇಕು, 1936ರ ಮಾಂಟ್ರೊ ಒಪ್ಪಂದದ ಪ್ರಕಾರ ಅಲ್ಲಿ ಕ್ರೂಸರ್‌ಗೆ ದಾರಿ ಇದೆ, ವಿಮಾನವಾಹಕಕ್ಕೆ ಇಲ್ಲ. ಭಾರತ ಕೊಂಡ ಮೇಲೆ ಮೂತಿಯ ಕ್ಷಿಪಣಿಗಳನ್ನು ತೆಗೆದು, ವಿಮಾನ ಏರಲು ಡೆಕ್ಕಿನ ತುದಿಯನ್ನು ಮೇಲಕ್ಕೆ ಬಾಗಿಸಿ, 2013ರ ನವೆಂಬರ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿಸಲಾಯಿತು. 2017ರ ಜುಲೈಯಲ್ಲಿ ಬಂಗಾಳ ಕೊಲ್ಲಿಯ ಮಲಬಾರ್ ಸಮರಾಭ್ಯಾಸದಲ್ಲಿ ಇದೇ ವಿಕ್ರಮಾದಿತ್ಯ ಮತ್ತು ಇಝುಮೊ ಒಟ್ಟಿಗೆ ಇದ್ದವು. ಹಳೆಯ ‘ಕ್ರೂಸರ್’ ಮತ್ತು ಹೊಸ ‘ಬೆಂಗಾವಲು ಹಡಗು’ ಅಕ್ಕಪಕ್ಕ!

ಹಾಗಾಗಿ ಇಝುಮೊಗೆ ಏನು ಹೆಸರು ಎಂಬುದು ವಕೀಲರ ವಿಷಯ. ಹಡಗಿನ ಕೆಲಸ ಈಗಾಗಲೇ ಆಗುತ್ತಿದೆ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಫ್-35ಬಿ ಇಝುಮೊ ಮೇಲೆ ಇಳಿದು ಏರಿತು. ವಿಮಾನದ ಬಿಸಿ ಗಾಳಿ ತಡೆಯುವ ಲೇಪನ ಡೆಕ್ಕಿಗೆ ಬಂತು. ಕಾಗಾದ ಮೂತಿ ಮೊದಲು ಚೂಪಾಗುತ್ತಾ ಹೋಗುತ್ತಿತ್ತು. ಅದನ್ನು ಅಗಲ ಮಾಡಿ ಚೌಕ ಮಾಡಿದರು. ಆ ಕೆಲಸ ನಡೆದದ್ದು ಕುರೆಯಲ್ಲಿ. ಇಸೆಗೆ ಡೆಕ್ಕು ಕಟ್ಟಿದ ಅದೇ ಊರು. 2024ರ ಕೊನೆಗೆ ಕಾಗಾ ಕ್ಯಾಲಿಫೋರ್ನಿಯಾ ತೀರಕ್ಕೆ ಹೋಗಿ ಎಫ್-35ಬಿಯ ಪರೀಕ್ಷೆ ಮುಗಿಸಿಕೊಂಡು ಬಂತು.

ಉಕ್ಕಿನ ಭಾಗ ಸುಲಭ. 1943ರಲ್ಲೂ ಅದು ಒಂದು ವರ್ಷದೊಳಗೆ ಮುಗಿದಿತ್ತು. ಕಷ್ಟದ ಪ್ರಶ್ನೆ ಬೇರೆ. ಈ 42 ವಿಮಾನ ನೌಕಾಪಡೆಯವಲ್ಲ, ವಾಯುಪಡೆಯವು. ಪೈಲಟ್‌ಗಳೂ ವಾಯುಪಡೆಯವರೇ. ಹಡಗಿನ ಮೇಲೆ ರಾತ್ರಿ, ಮಳೆಯಲ್ಲಿ, ಅಲೆಯಲ್ಲಿ ಇಳಿಯುವ ಅಭ್ಯಾಸ ವರ್ಷಗಟ್ಟಲೆ ಬೇಕು, ಅದನ್ನು ಬಿಟ್ಟರೆ ಕೈ ಮರೆಯುತ್ತದೆ. ‘ಬೇಕಾದಾಗ ಮಾತ್ರ ವಿಮಾನ ಬರುತ್ತದೆ’ ಎಂಬುದು ಸಂವಿಧಾನದ ಮುಂದೆ ಒಳ್ಳೆಯ ಉತ್ತರ ಇರಬಹುದು. ಯುದ್ಧದ ದಿನ ನೆಲದ ಮೇಲಿನ ನೆಲೆಗಳೂ ಅದೇ ವಿಮಾನಗಳನ್ನು ಕೇಳುತ್ತವೆ. 634ನೇ ವಾಯುದಳವನ್ನು ಫಾರ್ಮೋಸಾ ಕಿತ್ತುಕೊಂಡದ್ದು ಹಾಗೆಯೇ. ತೈವಾನಿನ ಸುತ್ತಲೇ ಮುಂದಿನ ಗಲಾಟೆ ಆಗಬಹುದೆಂದು ಜಪಾನ್ ಹೆದರುತ್ತಿರುವಾಗ ಈ ಹೋಲಿಕೆ ಸ್ವಲ್ಪ ಚುಚ್ಚುತ್ತದೆ.

ವ್ಯತ್ಯಾಸವೂ ಇದೆ, ಅದನ್ನು ಮುಚ್ಚಿಡಬಾರದು. ಸುಯಿಸೆಯಿ ಹೋದರೆ ಹೋಯಿತು, ಎಫ್-35ಬಿ ಅದೇ ಡೆಕ್ಕಿಗೆ ಮರಳಿ ಬರುತ್ತದೆ. ಅಂದು ಜಪಾನ್ ಒಂಟಿ, ಇಂದು ಅಮೆರಿಕದ ವಿಮಾನಗಳೂ ಈ ಡೆಕ್ಕನ್ನು ಬಳಸಬಹುದು. ಒಂದು ರನ್‌ವೇ ಕ್ಷಿಪಣಿಗೆ ಸಿಕ್ಕು ಹಾಳಾದರೆ ಸಮುದ್ರದಲ್ಲಿ ಇನ್ನೊಂದು ಇರಲಿ ಎಂಬುದೂ ಇದರ ಹಿಂದಿನ ಯೋಚನೆ. ಆ ಮಟ್ಟಿಗೆ ಇಝುಮೊ ಇಸೆಗಿಂತ ಬುದ್ಧಿವಂತ ಹಡಗು.

ಇಸೆ, ಹ್ಯೂಗಾ ಎಂಬ ಹೆಸರುಗಳೂ ಮರಳಿ ಬಂದಿವೆ. 2009ರಲ್ಲಿ ಹ್ಯೂಗಾ, 2011ರ ಮಾರ್ಚ್‌ನಲ್ಲಿ, ಸುನಾಮಿ ಬಡಿದ ಐದೇ ದಿನಕ್ಕೆ, ಇಸೆ ಹೊಸದಾಗಿ ಸೇವೆಗೆ ಸೇರಿದವು. ಸಪಾಟು ಡೆಕ್ಕಿನ, ಹೆಲಿಕಾಪ್ಟರ್ ಹೊರುವ ‘ಬೆಂಗಾವಲು ಹಡಗು’ಗಳು. ಹಳೆಯ ಹಡಗುಗಳ ಹೆಸರನ್ನು ಚೀನೀ ಮೂಲದ ಕಾಂಜಿ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಹೊಸವುಗಳ ಹೆಸರು ಮಕ್ಕಳು ಮೊದಲು ಕಲಿಯುವ ದುಂಡನೆಯ ಹಿರಗಾನ ಲಿಪಿಯಲ್ಲಿದೆ. ಕಾಗಾ ಈಗ ಕುರೆ ಬಂದರಿನ ಹಡಗು. ಅದರ ಮೇಲಿಂದ ಹಾರಬೇಕಾದ ವಿಮಾನಗಳು ಇರುವುದು ಹಳೆಯ ಹ್ಯೂಗಾ ಸೀಮೆಯ ನ್ಯುತಾಬಾರುವಿನಲ್ಲಿ.